ಮನೆಗೆ ಗ್ಯಾಸ್ ಒಲೆ ಕೂರಿಸಲು ಎಷ್ಟು ಖರ್ಚು? ಶಿವಮೊಗ್ಗ, ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕೆಳಗೆ ಬರುವ ದರಗಳಲ್ಲಿ ಎರಡು ಬಗೆ ಇವೆ. ಸಿಲಿಂಡರ್ ಠೇವಣಿ, ರೆಗ್ಯುಲೇಟರ್ ಠೇವಣಿಯಂಥವು ತೈಲ ಕಂಪನಿಗಳು ನಿಗದಿ ಮಾಡಿದವು, ಅದರಲ್ಲಿ ಚೌಕಾಸಿ ನಡೆಯುವುದಿಲ್ಲ. ಕಲ್ಲು ಕೊರೆಯುವ ಕೂಲಿ, ಪೈಪ್ ಕೆಲಸ, ಮೆಕ್ಯಾನಿಕ್ ಬಂದುಹೋಗುವ ಖರ್ಚು ಊರಿಂದ ಊರಿಗೆ ಬದಲಾಗುತ್ತವೆ. ಅವನ್ನು ಅಂದಾಜು ಎಂದೇ ಓದಿಕೊಳ್ಳಿ.

ಒಟ್ಟಾರೆ ಎಷ್ಟು ದುಡ್ಡು ಕೈಯಲ್ಲಿರಬೇಕು?

ಕಟ್ಟೆಯ ಮೇಲಿಡುವ ಮಾಮೂಲಿ ಒಲೆ, ಕನೆಕ್ಷನ್ ಮೊದಲೇ ಇದೆ, ಸಿಲಿಂಡರ್ ಕಟ್ಟೆಯ ಪಕ್ಕದಲ್ಲೇ ಇದೆ ಅಂದರೆ ಫಿಟ್ಟಿಂಗ್ ಕೂಲಿ 200ರಿಂದ 400, ಹೊಸ ಪೈಪ್ 200ರ ಆಸುಪಾಸು. 600 ರೂಪಾಯಿಯ ಒಳಗೆ ಕೆಲಸ ಮುಗಿಯುತ್ತದೆ. ಕಟ್ಟೆಯ ಕಲ್ಲು ಕೊರೆದು ಹಾಬ್ (ಕಲ್ಲಿನೊಳಗೆ ಇಳಿಸಿ ಕೂರಿಸುವ ಒಲೆ) ಕೂರಿಸುವುದಾದರೆ ಹಾಬ್‌ನ ಬೆಲೆ ಬಿಟ್ಟು 1,650ರಿಂದ 3,650. ಸಿಲಿಂಡರನ್ನು ಹಿತ್ತಲ ಕಡೆ ಹೊರಗಿಟ್ಟು ತಾಮ್ರದ ಪೈಪ್ ಎಳೆಸುವುದಾದರೆ 5,000ದ ಮೇಲೆ.

ಒಲೆ ಎಷ್ಟು ದುಬಾರಿಯದು ಎನ್ನುವುದಕ್ಕೂ ಕೂರಿಸುವ ಖರ್ಚಿಗೂ ಹೆಚ್ಚು ಸಂಬಂಧವಿಲ್ಲ. ಸಿಲಿಂಡರ್ ಒಲೆಯಿಂದ ಎಷ್ಟು ದೂರ ಇದೆ, ಕಟ್ಟೆಯ ಕಲ್ಲು ಯಾವುದು, ಮನೆ ಪೇಟೆಯಿಂದ ಎಷ್ಟು ಒಳಗಿದೆ, ಈ ಮೂರು ಸೇರಿ ಬಿಲ್ ತೀರ್ಮಾನವಾಗುತ್ತದೆ. ಒಲೆ ಕೊಳ್ಳುವ ಮೊದಲೇ ಸಿಲಿಂಡರ್ ಎಲ್ಲಿರಬೇಕು ಎಂದು ಗೊತ್ತುಮಾಡಿಕೊಂಡರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಹೊಸ ಕನೆಕ್ಷನ್ ತಗೊಂಡರೆ ಏಜೆನ್ಸಿಗೆ ಕಟ್ಟುವುದು ಏನೇನು?

2022ರ ಜೂನ್ 16ರಿಂದ ಜಾರಿಗೆ ಬಂದ ದರದಂತೆ 14.2 ಕೆ.ಜಿ. ಸಿಲಿಂಡರ್‌ಗೆ 2,200 ರೂಪಾಯಿ ಠೇವಣಿ, ರೆಗ್ಯುಲೇಟರ್‌ಗೆ 250 ಠೇವಣಿ. ಅದಕ್ಕೂ ಮೊದಲು ಇವು 1,450 ಮತ್ತು 150 ಇದ್ದವು. 5 ಕೆ.ಜಿ. ಸಿಲಿಂಡರ್‌ಗೆ ಠೇವಣಿ 1,150. ಎರಡು ಸಿಲಿಂಡರ್ ಬೇಕೆಂದರೆ ಇನ್ನೊಂದು 2,200 ಸೇರಿಸಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವ ಕಡೆ ಇರುವವರಿಗೆ ಎರಡನೆಯ ಸಿಲಿಂಡರ್ ಬೇಕೇ ಬೇಕು.

ಠೇವಣಿ ಅಂದರೆ ವಾಪಸ್ ಬರುವ ಹಣ. ಅದಕ್ಕೆ ಕೊಡುವ ಎಸ್‌.ವಿ. (ಸಬ್‌ಸ್ಕ್ರಿಪ್ಷನ್ ವೋಚರ್, ಅಂದರೆ ಠೇವಣಿಯ ರಸೀದಿ) ಕಾಗದವನ್ನು ಜಾಗ್ರತೆಯಾಗಿ ಇಟ್ಟುಕೊಳ್ಳಿ. ಕನೆಕ್ಷನ್ ಒಪ್ಪಿಸುವಾಗ ಅದರಲ್ಲಿ ಬರೆದ ಮೊತ್ತವೇ ಸಿಗುವುದು. ಕಾಗದ ಕಳೆದಿದ್ದರೆ ಅಫಿಡವಿಟ್ ಮಾಡಿಸುವ ಓಡಾಟ.

ಇದರ ಮೇಲೆ ಪೈಪ್, ಗ್ರಾಹಕರ ಪುಸ್ತಕ, ಮನೆಗೆ ಬಂದು ಜೋಡಿಸಿ ತೋರಿಸುವ ಶುಲ್ಕ, ಮೊದಲ ಸಿಲಿಂಡರ್‌ನ ಆ ತಿಂಗಳ ಗ್ಯಾಸ್ ದರ ಸೇರುತ್ತವೆ. ಜೋಡಿಸಿ ತೋರಿಸಲು ಶುಲ್ಕ ಹಾಕಿದ ಮೇಲೆ ಏಜೆನ್ಸಿ ಹುಡುಗ ಮನೆಗೆ ಬಂದು ಕೆಲಸ ಮಾಡಲೇಬೇಕು. ಕೌಂಟರಿನಲ್ಲೇ ಪೈಪ್ ಕೈಗಿಟ್ಟು "ನೀವೇ ಹಾಕ್ಕೊಳ್ಳಿ" ಅಂದರೆ ಒಪ್ಪಬೇಡಿ.

ಉಜ್ವಲಾ ಯೋಜನೆಯಲ್ಲಿ ಬಂದ ಕನೆಕ್ಷನ್ ಆದರೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ಠೇವಣಿ, ಪೈಪ್, ಪುಸ್ತಕ, ಜೋಡಣೆ ಎಲ್ಲವೂ ಸರ್ಕಾರದ ಲೆಕ್ಕ. 2021ರ ಆಗಸ್ಟಿನಲ್ಲಿ ಶುರುವಾದ ಎರಡನೆಯ ಹಂತದಲ್ಲಿ ಒಲೆ ಮತ್ತು ಮೊದಲ ಸಿಲಿಂಡರ್‌ನ ಗ್ಯಾಸೂ ಉಚಿತ. ಅಲ್ಲಿ ಫಿಟ್ಟಿಂಗ್ ಚಾರ್ಜ್ ಕೇಳಿದರೆ ಕೊಡುವಂತಿಲ್ಲ.

ಒಲೆಯನ್ನೂ ಏಜೆನ್ಸಿಯಲ್ಲೇ ಕೊಳ್ಳಬೇಕು ಅನ್ನುತ್ತಾರೆ. ನಿಜವೇ?

ಸುಳ್ಳು. ಐ.ಎಸ್.ಐ. ಗುರುತಿರುವ ಒಲೆಯನ್ನು ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಾದರೂ ಕೊಳ್ಳಿ, ನೆಹರು ರಸ್ತೆಯಲ್ಲಾದರೂ ಕೊಳ್ಳಿ, ಆನ್‌ಲೈನ್‌ನಲ್ಲಾದರೂ ತರಿಸಿ. ಒಲೆಯ ಮೇಲೆ ಐ.ಎಸ್. 4246 ಎಂಬ ಸಂಖ್ಯೆ ಐ.ಎಸ್.ಐ. ಚಿಹ್ನೆಯ ಜೊತೆಗಿರಬೇಕು. ಹೊರಗೆ ಕೊಂಡ ಒಲೆಯನ್ನು ಏಜೆನ್ಸಿಯವರು ಬಂದು ನೋಡಿ ಒಪ್ಪಿಗೆ ಕೊಡುವುದಕ್ಕೆ ಶುಲ್ಕ ಹಾಕಬಹುದು, ಅದಕ್ಕೆ ರಸೀದಿ ಕೊಡಬೇಕು. ಒಲೆ, ಲೈಟರ್, ಏಪ್ರನ್, ಟ್ರಾಲಿ ಸೇರಿಸಿ "ಸೆಟ್" ಎಂದು ಕಟ್ಟಿ ಕೊಟ್ಟರೆ ಬೇಡದ್ದನ್ನು ತೆಗೆಸಿ.

ಫಿಟ್ಟಿಂಗ್ ಕೂಲಿ ಉಳಿಸಲು ನಾವೇ ಜೋಡಿಸಿಕೊಂಡರೆ?

ಮಾಮೂಲಿ ಒಲೆಗೆ ಪೈಪ್ ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ಏಜೆನ್ಸಿ ಹುಡುಗ ಒಮ್ಮೆ ತೋರಿಸಿಕೊಟ್ಟರೆ ಮನೆಯವರು ಮುಂದೆ ತಾವೇ ಮಾಡಬಹುದು. ಹಾಬ್ ಮತ್ತು ತಾಮ್ರದ ಪೈಪಿಗೆ ಮಾತ್ರ ಕೈ ಹಾಕಬೇಡಿ. ಹಾಬ್‌ನ ಗ್ಯಾಸ್ ಸೇರುವ ಬಾಯಿ ಮರೆಯಾಗಿ ಕೆಳಗಿರುತ್ತದೆ. ಅಲ್ಲಿರುವ ತಿರುಪಿನ ಹಿತ್ತಾಳೆ ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ) ಸ್ವಲ್ಪ ಅಡ್ಡ ಕೂತು ವಾಷರ್ ಹರಿದರೆ ಸೋರಿಕೆ ಕಣ್ಣಿಗೂ ಬೀಳದು, ಮೂಗಿಗೂ ಬೇಗ ತಾಗದು. ಕಂಪನಿ ಮೆಕ್ಯಾನಿಕ್ ಕೂರಿಸದಿದ್ದರೆ ವಾರಂಟಿ ಇಲ್ಲ ಎಂಬ ಷರತ್ತೂ ಹಲವು ಹಾಬ್‌ಗಳಿಗೆ ಇದೆ. ಕಾರ್ಡ್ ಓದಿ.

ಹಾಬ್ ಕೂರಿಸಲು ಕಟ್ಟೆಯ ಕಲ್ಲು ಕೊರೆಯಬೇಕಂತೆ. ಅದಕ್ಕೆ ಯಾಕೆ ಅಷ್ಟು ಕೇಳುತ್ತಾರೆ?

ಮೆಕ್ಯಾನಿಕ್‌ನ ಕೆಲಸ ಒಂದು ಗಂಟೆಯದು, 500ರಿಂದ 800 ರೂಪಾಯಿ. ಕೆಲವು ಕಂಪನಿಗಳು ಇದನ್ನು ಉಚಿತವಾಗಿ ಮಾಡುತ್ತವೆ. ಆದರೆ ಆ ಉಚಿತದಲ್ಲಿ ಕಲ್ಲು ಕೊರೆಯುವುದು ಸೇರಿಲ್ಲ. ಅಂಗಡಿಯವರು ಇದನ್ನು ಹೇಳುವುದೇ ಇಲ್ಲ, ಮೆಕ್ಯಾನಿಕ್ ಬಂದು ಕಟ್ಟೆ ನೋಡಿ ವಾಪಸ್ ಹೋದ ಮೇಲೆ ಗೊತ್ತಾಗುತ್ತದೆ.

ಕಲ್ಲು ಕೊರೆಯುವವರು ಬೇರೆಯೇ ಜನ, ಗ್ರಾನೈಟ್ ಕೆಲಸದವರು. 18ರಿಂದ 20 ಮಿ.ಮೀ. ದಪ್ಪದ ಗ್ರಾನೈಟಿಗೆ 800ರಿಂದ 1,500 ಕೇಳುತ್ತಾರೆ. ಗ್ರಾನೈಟಿನ ಕೆಳಗೆ ಕಾಂಕ್ರೀಟ್ ಸ್ಲ್ಯಾಬ್ ಇದ್ದರೆ ಅದನ್ನೂ ಕತ್ತರಿಸಬೇಕು. ಕಂಬಿ ಸಿಕ್ಕರೆ ಬ್ಲೇಡ್ ಹಾಳು, ಹೊತ್ತು ಹೆಚ್ಚು. ಆಗ ಇನ್ನೊಂದು 500ರಿಂದ 1,000 ಸೇರುತ್ತದೆ. ಹಳೇ ಮನೆಗಳ ಕಡಪ ಕಲ್ಲಿನ ಕಟ್ಟೆಯಾದರೆ ಕೆಲಸದವರು ಮೊದಲೇ "ಒಡೆದರೆ ನಾವು ಜವಾಬ್ದಾರಿಯಲ್ಲ" ಅನ್ನುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಕಡಪ ಪದರ ಪದರವಾಗಿ ಕೂಡಿದ ಕಲ್ಲು. ಬ್ಲೇಡಿನ ಅದುರಿಗೆ ಪದರ ಬಿಟ್ಟುಕೊಳ್ಳುತ್ತದೆ. ಅಂಥ ಕಟ್ಟೆಗೆ ಹಾಬ್‌ನ ಆಸೆ ಬಿಟ್ಟು ಮೇಲಿಡುವ ಒಲೆಯನ್ನೇ ತಗೊಳ್ಳುವುದು ಜಾಣತನ.

ಕೊರೆಯುವ ದಿನ ಎದುರಿಗೇ ನಿಂತು ನೋಡಬೇಕಾದ ಕೆಲಸ ಇದು. ಹಾಬ್ ಪೆಟ್ಟಿಗೆಯಲ್ಲಿ ಅಳತೆಯ ಕಾಗದ ಇರುತ್ತದೆ, ಅದರಂತೆಯೇ ಗುರುತು ಹಾಕಿಸಿ. ಗಾಜಿನ ಹೊರ ಅಳತೆಯನ್ನು ನೋಡಿ ಕೊರೆದರೆ ತೂತು ದೊಡ್ಡದಾಗಿ ಹಾಬ್ ಒಳಗೇ ಬೀಳುತ್ತದೆ. ನಾಲ್ಕು ಮೂಲೆಯಲ್ಲೂ ಮೊದಲು ಡ್ರಿಲ್‌ನಿಂದ ದುಂಡನೆಯ ತೂತು ಹಾಕಿ, ಆಮೇಲೆ ತೂತಿಂದ ತೂತಿಗೆ ಬ್ಲೇಡ್ ಓಡಿಸಬೇಕು. ಮೂಲೆ ಚೂಪಾಗಿ ಉಳಿದರೆ ಕಲ್ಲಿನ ಒತ್ತಡವೆಲ್ಲ ಆ ಬಿಂದುವಿಗೆ ಸೇರಿ, ಬಿಸಿ ಪಾತ್ರೆ ಇಟ್ಟು ಇಳಿಸುವ ಕೆಲವು ತಿಂಗಳಲ್ಲಿ ಕೂದಲೆಳೆಯಂಥ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಕಟ್ಟೆಯ ಮುಂಭಾಗದಲ್ಲಿ ಕನಿಷ್ಠ ಎರಡೂವರೆಯಿಂದ ಮೂರು ಇಂಚು ಕಲ್ಲು ಉಳಿಯಬೇಕು. ಎರಡು ಅಡಿ ಅಗಲದ ಕಟ್ಟೆಯಲ್ಲಿ ಇದಕ್ಕೆ ಜಾಗ ಸಿಗುತ್ತದೆ. ಹಳೇ ಮನೆಗಳ ಒಂದೂಮುಕ್ಕಾಲು ಅಡಿ ಕಟ್ಟೆಯಲ್ಲಿ ಸಿಗುವುದಿಲ್ಲ, ಅಳೆದು ನೋಡಿಯೇ ಹಾಬ್ ಆರಿಸಿ. ನೀರು ಹಾಕಿಕೊಂಡು ಕೊರೆಸಿ. ಒಣ ಕೊರೆತದ ಧೂಳು ಹಂಚಿನ ಮನೆಯ ತೊಲೆ ಜಂತಿಗಳ ಮೇಲೆಲ್ಲ ಕೂತರೆ ತಿಂಗಳಾದರೂ ಉದುರುತ್ತಿರುತ್ತದೆ.

ಕೂಲಿ, ಪೈಪ್ 200, ಎಲ್ಬೋ ಮತ್ತು ವಾಷರ್ 150 ಕೂಡಿಸಿದರೆ ಬರಿಯ ಗ್ರಾನೈಟ್ ಕಟ್ಟೆಗೆ 1,650ರಿಂದ 2,650 ಆಗುತ್ತದೆ. ಕೆಳಗೆ ಕಾಂಕ್ರೀಟ್ ಇದ್ದರೆ 3,650ರವರೆಗೆ ಹೋಗುತ್ತದೆ.

ಸಿಲಿಂಡರನ್ನು ಹಾಬ್‌ನ ನೇರ ಕೆಳಗೆ ಇಡಬೇಡಿ, ಪಕ್ಕದ ಖಾನೆಯಲ್ಲಿಡಿ. ಆ ಖಾನೆಯ ಬಾಗಿಲಿಗೆ ನೆಲಮಟ್ಟದಲ್ಲಿ ಒಂದು, ಮೇಲೊಂದು ಗಾಳಿ ಕಿಂಡಿ ಇರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿದು ನೆಲದಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಸುಮಾರು 2ರಿಂದ 9 ಶೇಕಡಾ ಬೆರೆತರೆ ಒಂದು ಕಿಡಿ ಸಾಕು. ಬಡಗಿ ಅಂದಕ್ಕೆಂದು ಬಾಗಿಲನ್ನು ಕಿಂಡಿ ಇಲ್ಲದೆ ಮಾಡಿಕೊಟ್ಟಿದ್ದರೆ ಮತ್ತೆ ಕರೆಸಿ ಕೊರೆಸಿ.

ಸಿಲಿಂಡರ್ ಹೊರಗಿಡೋಣ ಅಂತಿದ್ದೇವೆ. ತಾಮ್ರದ ಪೈಪಿಗೆ ಎಷ್ಟಾಗುತ್ತದೆ?

ಹಿತ್ತಲ ಗೋಡೆಯಾಚೆ ಸಿಲಿಂಡರ್, ಒಳಗೆ ಒಲೆ, ನಡುವೆ 5 ಮೀಟರ್ ಪೈಪ್ ಎಂದು ಲೆಕ್ಕ ಹಾಕೋಣ. ಪೈಪ್ ಮೀಟರ್‌ಗೆ 350 ಹಿಡಿದರೆ 1,750. ಸಿಲಿಂಡರ್ ಕಡೆ ಒಂದು, ಒಲೆಯ ಕಡೆ ಒಂದು ಬಾಲ್ ವಾಲ್ವ್, ಎರಡಕ್ಕೆ 700. ಹಿತ್ತಾಳೆ ನಟ್ಟು, ನಾಝಲ್‌ಗಳಿಗೆ 600. ಕ್ಲಿಪ್ ಮತ್ತು ಗೋಡೆಯೊಳಗಿನ ತೋಳುಪೈಪಿಗೆ (ತಾಮ್ರದ ಪೈಪನ್ನು ಹಾಯಿಸುವ ಪಿ.ವಿ.ಸಿ. ಕೊಳವೆ) 250. ಎರಡು ತುದಿಗೂ ಸುರಕ್ಷಾ ಪೈಪ್ (ಒಳಗೆ ಉಕ್ಕಿನ ತಂತಿ ಇರುವ ಕಿತ್ತಳೆ ರಬ್ಬರ್ ಪೈಪ್) 400. ಸಾಮಾನಿಗೇ 3,700 ಆಯಿತು. ಕೂಲಿ 1,500ರಿಂದ 2,000. ಒಟ್ಟು 5,200ರಿಂದ 5,700. ತಾಮ್ರದ ಬೆಲೆ ಏರಿಳಿಯುತ್ತಲೇ ಇರುತ್ತದೆ, ಕೊಟೇಶನ್ ಹಳೆಯದಾದರೆ ಹೊಸದು ಕೇಳಿ.

ಕಡಿಮೆಗೆ ಮಾಡಿಕೊಡುತ್ತೇನೆ ಅನ್ನುವವರು ಸಾಮಾನ್ಯವಾಗಿ ಉಳಿಸುವುದು ಎರಡು ಕಡೆ. ಒಂದು, ಒಲೆಯ ಬಳಿಯ ವಾಲ್ವ್. ಅದಿಲ್ಲದಿದ್ದರೆ ಒಳಗೆ ವಾಸನೆ ಬಂದಾಗ ಮಳೆಯಲ್ಲಿ ಹಿತ್ತಲಿಗೆ ಓಡಬೇಕು. ಇನ್ನೊಂದು, ಗೋಡೆಯೊಳಗಿನ ತೋಳುಪೈಪ್. ಜಂಬಿಟ್ಟಿಗೆ ಗೋಡೆಯಲ್ಲಿ ತಾಮ್ರವನ್ನು ನೇರವಾಗಿ ತೂರಿಸಿ ಸಿಮೆಂಟು ಮೆತ್ತಿದರೆ, ಗೋಡೆ ಕುಡಿದ ನೀರು ವರ್ಷಗಟ್ಟಲೆ ಪೈಪಿಗೆ ಅಂಟಿಕೊಂಡೇ ಇರುತ್ತದೆ, ಗೋಡೆ ಸ್ವಲ್ಪ ಕುಸಿದರೂ ಪೈಪ್ ನಸುಕುತ್ತದೆ. ಪಿ.ವಿ.ಸಿ. ತೋಳಿನೊಳಗೆ ಹಾಯಿಸಿ, ತೋಳನ್ನು ಹೊರಗಡೆಗೆ ತುಸು ಇಳಿಜಾರು ಮಾಡಿ, ಬಾಯಿ ಮುಚ್ಚಬೇಕು. ಗೋಡೆಯೊಳಗೆ ಯಾವ ಜಾಯಿಂಟೂ ಇರಕೂಡದು. ಪೈಪ್ ಉದ್ದಕ್ಕೂ ಕಣ್ಣಿಗೆ ಕಾಣುವಂತೆ ಗೋಡೆಯ ಮೇಲೆ ಓಡಲಿ, ನೆಲದಡಿ ಹೂಳಬೇಡಿ, ಕರೆಂಟ್ ವೈರಿನ ಜೊತೆ ಕಟ್ಟಬೇಡಿ.

ರಬ್ಬರ್ ಪೈಪನ್ನೇ ಗೋಡೆಯ ತೂತಿನಿಂದ ಒಳಗೆ ತರುವುದು ಹಲವು ಮನೆಗಳಲ್ಲಿ ಕಾಣುತ್ತದೆ. ಅದು ಬೇಡವೇ ಬೇಡ. ತೂತಿನ ಅಂಚು ಪೈಪನ್ನು ಉಜ್ಜುತ್ತದೆ, ಗೋಡೆಯೊಳಗಿನ ಭಾಗವನ್ನು ಇಲಿ ಕಡಿದರೆ ತಿಳಿಯುವುದಿಲ್ಲ.

ಹೊರಗಿಡುವ ಜಾಗಕ್ಕೆ ಮೇಲೆ ಮಾಡು, ಕೆಳಗೆ ನೆಲದಿಂದ ಎತ್ತರಿಸಿದ ಸಿಮೆಂಟ್ ಕಟ್ಟೆ, ಸುತ್ತ ಗಾಳಿಯಾಡುವ ಜಾಲರಿ ಬಾಗಿಲು ಬೇಕು. ಪಕ್ಕದಲ್ಲಿ ಬಚ್ಚಲ ಒಲೆ, ಚರಂಡಿ ಬಾಯಿ, ನೆಲಮಾಳಿಗೆ ಇರಕೂಡದು. ತುಂಬಿದ ಸಿಲಿಂಡರ್ ಸುಮಾರು 30 ಕೆ.ಜಿ. ತೂಗುತ್ತದೆ, ತಂದಿಡುವವನಿಗೆ ಪಾಚಿಗಟ್ಟಿದ ಮೆಟ್ಟಿಲು ಹತ್ತಿಸಬೇಡಿ. ಕೆಲಸ ಶುರುಮಾಡುವ ಮೊದಲು ಏಜೆನ್ಸಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಮುಂದೆ ತಪಾಸಣೆಗೆ ಬಂದವರು ತಕರಾರು ತೆಗೆಯುವುದು ತಪ್ಪುತ್ತದೆ.

ಸ್ಟೀಲ್ ಹೆಣಿಗೆಯ ಪೈಪ್ ಗಟ್ಟಿ ಅಲ್ಲವೇ? ಸುರಕ್ಷಾ ಪೈಪೇ ಯಾಕೆ?

ಸುರಕ್ಷಾ ಪೈಪಿನ ಒಳಗೂ ಉಕ್ಕಿನ ತಂತಿಯ ಹೆಣಿಗೆ ಇದೆ, ಹೊರಗೆ ಕಿತ್ತಳೆ ಬಣ್ಣದ ರಬ್ಬರ್. ಐ.ಎಸ್. 9573 ಗುರುತು, ತಯಾರಾದ ವರ್ಷ ಎರಡೂ ಮೇಲೆ ಅಚ್ಚಾಗಿರುತ್ತವೆ. ಆಯುಸ್ಸು 5 ವರ್ಷ. ಒಂದೂವರೆ ಮೀಟರ್‌ಗಿಂತ ಉದ್ದ ಬೇಡ, ನಡುವೆ ಜೋಡಿಸಿ ಉದ್ದ ಮಾಡಲೂಬೇಡಿ. ಬಜಾರಿನ ಹೊಳೆಯುವ ಪೈಪಿನಲ್ಲಿ ಈ ಗುರುತಿಲ್ಲದಿದ್ದರೆ ಅದು ಬಚ್ಚಲ ಗೀಸರ್ ನೀರಿಗೆ ಮಾಡಿದ್ದೂ ಆಗಿರಬಹುದು. ಹಸಿರು ರಬ್ಬರ್ ಟ್ಯೂಬ್ ಇನ್ನೂ ಇದ್ದರೆ ಇವತ್ತೇ ತೆಗೆಯಿರಿ.

ಹಾಕುವಾಗ ರೆಗ್ಯುಲೇಟರ್‌ನ ಮತ್ತು ಒಲೆಯ ನಾಝಲ್ ಎರಡೂ ಪೂರ್ತಿ ಮುಚ್ಚುವವರೆಗೆ ತಳ್ಳಬೇಕು. ಅರ್ಧ ಹೋಗಿ ನಿಂತದ್ದು ತಿಂಗಳೊಳಗೆ ಸಡಿಲವಾಗುತ್ತದೆ.

ರೆಗ್ಯುಲೇಟರ್ ಬಗ್ಗೆಯೂ ಒಂದು ಮಾತು. ಮನೆಯ ರೆಗ್ಯುಲೇಟರ್ ಗ್ಯಾಸನ್ನು ಸುಮಾರು 30 ಮಿಲಿಬಾರ್‌ಗೆ ಇಳಿಸಿ ಬಿಡುತ್ತದೆ. ಮದುವೆ ಮನೆಯ ಅಡುಗೆಯವರು ತರುವ ಹೈ ಪ್ರೆಶರ್ ರೆಗ್ಯುಲೇಟರ್ ಹಾಗಲ್ಲ. ಅದನ್ನು "ಬೆಂಕಿ ಜೋರಾಗಿ ಬರಲಿ" ಎಂದು ಮನೆ ಒಲೆಗೆ ಹಾಕಿದರೆ ನಾಬ್‌ಗಳ ಸೀಲೇ ಸೋರಲು ಶುರುವಾಗುತ್ತದೆ.

ಹೊಸ ಒಲೆ, ಆದರೂ ಬೆಂಕಿ ಹಳದಿ. ಪಾತ್ರೆ ತಳ ಕಪ್ಪಾಗುತ್ತಿದೆ. ಮತ್ತೆ ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಕೆ?

ಬಹಳ ಸಲ ಬೇಡ. ಬರ್ನರ್ ಮುಚ್ಚಳ ತನ್ನ ಕಚ್ಚಿನಲ್ಲಿ ಕೂತಿಲ್ಲದಿದ್ದರೆ, ತೊಳೆದ ನೀರು ಒಳಗೆ ಉಳಿದಿದ್ದರೆ ಹೀಗಾಗುತ್ತದೆ. ತೆಗೆದು, ಒಣಗಿಸಿ, ನೇರ ಕೂರಿಸಿ ನೋಡಿ. ವರ್ಷದಲ್ಲಿ ಕೆಲವೇ ದಿನ ಉರಿಯುವ ತೋಟದ ಮನೆ ಒಲೆಗಳಲ್ಲಿ ಬರ್ನರ್‌ನ ಕೊಳವೆಯೊಳಗೆ ಜೇಡ ಬಲೆ ಕಟ್ಟಿರುತ್ತದೆ, ಕಣಜ ಮಣ್ಣು ಮೆತ್ತಿರುತ್ತದೆ. ಗಾಳಿ ಸೇರುವ ದಾರಿ ಕಟ್ಟಿದರೆ ಗ್ಯಾಸ್ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಬಾಟಲಿ ಬ್ರಷ್ ಹಾಕಿ ಉಜ್ಜಿ.

ಒಂದೇ ಬರ್ನರ್ ಮಂಕಾಗಿದ್ದರೆ ಅದರ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಕಟ್ಟಿದೆ. ಎಲ್ಲ ಬರ್ನರ್ ಮಂಕಾಗಿದ್ದರೆ ಪೈಪ್ ಮಡಚಿದೆ, ಇಲ್ಲವೇ ರೆಗ್ಯುಲೇಟರ್ ಕೆಟ್ಟಿದೆ, ಇಲ್ಲವೇ ಗ್ಯಾಸ್ ಮುಗಿಯುತ್ತಿದೆ. ಜೆಟ್‌ನ ತೂತು ಒಂದು ಮಿಲಿಮೀಟರ್‌ಗಿಂತ ಸಣ್ಣದು. ಹೊಲಿಗೆ ಸೂಜಿ ಚುಚ್ಚಿ ಅಗಲ ಮಾಡಿದರೆ ಗ್ಯಾಸ್ ಹೆಚ್ಚು ಹೋಗಿ ಹಳದಿ ಬೆಂಕಿ ಕಾಯಂ ಆಗುತ್ತದೆ, ಆಮೇಲೆ ಜೆಟ್ ಬದಲಿಸುವುದೊಂದೇ ದಾರಿ.

ಗೋಬರ್ ಗ್ಯಾಸ್ ಇದೆ. ಅದೇ ಒಲೆಗೆ ಸಿಲಿಂಡರೂ ಹಾಕಿಸಬಹುದೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಹಾಕಿಸಬೇಡಿ, ಎರಡು ಒಲೆ ಇಟ್ಟುಕೊಳ್ಳಿ. ಸಗಣಿ ಅನಿಲದಲ್ಲಿ ನೂರಕ್ಕೆ ಹೆಚ್ಚು ಕಡಿಮೆ 60 ಭಾಗ ಮಾತ್ರ ಮೀಥೇನ್. ಅಷ್ಟೇ ಗಾತ್ರದ ಸಿಲಿಂಡರ್ ಗ್ಯಾಸಿನ ಶಾಖ ಅದರ ನಾಲ್ಕೈದು ಪಟ್ಟು. ಹಾಗಾಗಿ ಗೋಬರ್ ಗ್ಯಾಸ್ ಒಲೆಯ ಜೆಟ್ ತೂತು ದೊಡ್ಡದು. ಅದಕ್ಕೆ ಸಿಲಿಂಡರ್ ಜೋಡಿಸಿದರೆ ಬೆಂಕಿ ಕಟ್ಟೆಯಿಂದ ಮೇಲೇಳುತ್ತದೆ. ತಿರುಗಾ ಮಾಡಿದರೆ, ಅಂದರೆ ಸಿಲಿಂಡರ್ ಒಲೆಗೆ ಗೋಬರ್ ಗ್ಯಾಸ್ ಕೊಟ್ಟರೆ, ಹಚ್ಚಿದ್ದು ಹಚ್ಚಿದಂತೆ ಆರುತ್ತದೆ. ಒಂದೇ ಪೈಪಿಗೆ "ಟೀ" ಹಾಕಿ ಎರಡನ್ನೂ ಸೇರಿಸಿಕೊಡುತ್ತೇನೆ ಅನ್ನುವ ಪ್ಲಂಬರ್‌ನನ್ನು ಬಾಗಿಲಿಂದಲೇ ಕಳಿಸಿ. ಸಿಲಿಂಡರ್‌ನ ಒತ್ತಡ ಹೆಚ್ಚು, ಅದು ಗುಂಡಿಯ ಕಡೆಗೇ ನುಗ್ಗುತ್ತದೆ.

ಸಗಣಿ ಅನಿಲದಲ್ಲಿರುವ ಗಂಧಕದ ಅಂಶ ಹಿತ್ತಾಳೆ, ತಾಮ್ರವನ್ನು ತಿನ್ನುತ್ತದೆ ಎನ್ನುವುದೂ ಲೆಕ್ಕಕ್ಕಿರಲಿ. ಆ ಕಡೆಗೆ ತಾಮ್ರದ ಪೈಪಿನ ಖರ್ಚು ದಂಡ.

ಊರಲ್ಲಿ ಪೈಪ್ ಗ್ಯಾಸ್ ಬಂದರೆ ಈಗಿನ ಒಲೆ ಎಸೆಯಬೇಕೆ?

ಇಲ್ಲ. ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ಅದಕ್ಕೆ ಜೆಟ್ ಬದಲಿಸಿದರೆ ಹೆಚ್ಚಿನ ಒಲೆಗಳು ನಡೆಯುತ್ತವೆ. ಕನೆಕ್ಷನ್ ಕೊಡುವವರೇ ಮಾಡಿಕೊಡುತ್ತಾರೆ. ಕೆಲವು ಹಾಬ್‌ಗಳಿಗೆ ಜೆಟ್ ಸಿಗುವುದು ಕಷ್ಟ, ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.

ಮಳೆಗಾಲದಲ್ಲಿ ಒಲೆಗೆ ಏನೇನು ಕೆಡುತ್ತದೆ? ಅದರ ಖರ್ಚು?

ಮೊದಲು ಕೆಡುವುದು ಸ್ವಯಂ ಹೊತ್ತಿಕೊಳ್ಳುವ ಕಿಡಿ. ಆಗುಂಬೆ ಕಡೆಯ ತೇವದಲ್ಲಿ ಬ್ಯಾಟರಿ ಕೂರುವ ಪಟ್ಟಿಗೆ ಹಸಿರು ಕಿಲುಬು ಹಿಡಿದು "ಟಿಕ್ ಟಿಕ್" ನಿಲ್ಲುತ್ತದೆ. ಒಣ ಬಟ್ಟೆಯಿಂದ ಉಜ್ಜಿ ಬ್ಯಾಟರಿ ಬದಲಿಸಿದರೆ ಸಾಕು. ಇದಕ್ಕೇ ಪೇಟೆಯಿಂದ ಮೆಕ್ಯಾನಿಕ್ ಕರೆಸಿ ವಿಸಿಟಿಂಗ್ ಚಾರ್ಜ್ ಕೊಡುವವರಿದ್ದಾರೆ. ಕರೆಂಟಿನಿಂದ ಕಿಡಿ ಕೊಡುವ ಮಾದರಿ ಮಲೆನಾಡಿಗೆ ಹೇಳಿ ಮಾಡಿಸಿದ್ದಲ್ಲ, ಬ್ಯಾಟರಿಯದ್ದು ತಗೊಳ್ಳಿ, ಜೊತೆಗೊಂದು ಲೈಟರ್ ಇರಲಿ.

ಸಿಲಿಂಡರ್‌ನ ತಳದ ಬಳೆ ತುಕ್ಕು ಹಿಡಿದು ನೆಲದ ಮೇಲೆ ಕೆಂಪು ಉಂಗುರ ಬಿಡುತ್ತದೆ. ಅದಕ್ಕೆ ಟ್ರಾಲಿ ಕೊಳ್ಳುತ್ತಾರೆ, ಆ ಟ್ರಾಲಿಯ ಚಕ್ರವೇ ಎರಡನೆಯ ಮಳೆಗೆ ತುಕ್ಕು ಹಿಡಿಯುತ್ತದೆ. ಒಂದು ಮರದ ಹಲಗೆ ಸಾಕು. ಚಳಿಗಾಲದ ಬೆಳಗ್ಗೆ ಹೊರಗಿಟ್ಟ ಸಿಲಿಂಡರ್ ಮುಗಿಯುತ್ತ ಬಂದಾಗ ಬೆಂಕಿ ಸಣ್ಣದಾಗುವುದು ಸಹಜ. ಸಿಲಿಂಡರ್ ಮಲಗಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು ಮಾಡಬೇಡಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ.

ಸೌದೆ ಒಲೆಯೂ ಅಡುಗೆಮನೆಯಲ್ಲೇ ಇದೆ. ಪರವಾಗಿಲ್ಲವೇ?

ಒಂದೇ ಕೋಣೆಯಲ್ಲಿ ಎರಡೂ ಬೇಡ. ಸೌದೆ ಒಲೆಯ ಕೆಂಡ ನೆಲಮಟ್ಟದಲ್ಲಿರುತ್ತದೆ, ಸೋರಿದ ಗ್ಯಾಸೂ ಅಲ್ಲಿಗೇ ಬರುತ್ತದೆ. ದೊಡ್ಡ ಅಡುಗೆಮನೆಯಾದರೆ ನಡುವೆ ಗೋಡೆ ಕಟ್ಟಿಸುವುದಕ್ಕಿಂತ ಸಿಲಿಂಡರನ್ನು ಹೊರಗಿಟ್ಟು ತಾಮ್ರದ ಪೈಪ್ ಹಾಕಿಸುವುದು ಅಗ್ಗ. ಪೈಪಿಗೆ ಕೊಡುವ ಐದು ಸಾವಿರ ನಿಜಕ್ಕೂ ಸಾರ್ಥಕವಾಗುವುದು ಇಂಥ ಮನೆಗಳಲ್ಲಿ. ಗ್ಯಾಸ್ ಒಲೆಯನ್ನು ನೆಲದ ಮೇಲಿಟ್ಟು ಕೂತು ಅಡುಗೆ ಮಾಡುವ ಅಭ್ಯಾಸವಿದ್ದರೆ ಅದನ್ನೂ ಬಿಡಬೇಕು. ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಮೇಲಿರಬೇಕು.

ಚಿಮಣಿಯನ್ನೂ ಜೊತೆಗೇ ಹಾಕಿಸಬೇಕೆ?

ಹಂಚಿನ ಮಾಡಿಗೆ, ಎದುರು ಬದುರು ಕಿಟಕಿ ಇರುವ ಅಡುಗೆಮನೆಗೆ ಅವಸರವಿಲ್ಲ. ಹಾಕಿಸುವುದಾದರೆ ಒಲೆಯಿಂದ 26ರಿಂದ 30 ಇಂಚು ಮೇಲೆ.

ಮೆಕ್ಯಾನಿಕ್ ಶಿವಮೊಗ್ಗದಿಂದ ಬರಬೇಕು. ಪ್ರಯಾಣದ ಖರ್ಚು ಯಾರದ್ದು?

ಕಂಪನಿಗಳ ಸರ್ವಿಸ್ ಸೆಂಟರ್ ಹೆಚ್ಚಾಗಿ ಶಿವಮೊಗ್ಗದಲ್ಲಿರುತ್ತದೆ. ತೀರ್ಥಹಳ್ಳಿ ಅಲ್ಲಿಂದ 60 ಕಿ.ಮೀ., ಸಾಗರ 70ರ ಮೇಲೆ. ಉಚಿತ ಜೋಡಣೆ ಪಟ್ಟಣದ ಸುತ್ತಿಗೆ ಮಾತ್ರ, ಆಚೆಗೆ ಕಿ.ಮೀ. ಲೆಕ್ಕದಲ್ಲಿ ಹಣ ಎಂಬ ಷರತ್ತು ಸಾಮಾನ್ಯ. ಒಲೆ ಕೊಳ್ಳುವಾಗಲೇ ಊರಿನ ಹೆಸರು ಹೇಳಿ, "ಅಲ್ಲಿಗೆ ಬಂದು ಕೂರಿಸಲು ಒಟ್ಟು ಎಷ್ಟು" ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮೆಕ್ಯಾನಿಕ್ ಬರುವ ಮೊದಲೇ ಕಲ್ಲು ಕೊರೆದಿರಲಿ, ಗ್ಯಾಸ್ ಸಿಲಿಂಡರ್‌ನಲ್ಲಿರಲಿ. ಎರಡರಲ್ಲಿ ಒಂದು ತಪ್ಪಿದರೂ ಎರಡನೆಯ ಪ್ರಯಾಣದ ಹಣ ನಿಮ್ಮ ತಲೆಗೆ. ಒಂದೇ ದಾರಿಯ ಎರಡು ಮೂರು ಮನೆಯವರು ಸೇರಿ ಒಂದೇ ದಿನ ಕರೆಸಿದರೆ ಹಂಚಿಕೊಳ್ಳಬಹುದು.

ಕೆಲಸ ಮುಗಿಯಿತು ಅನ್ನುತ್ತಾರೆ. ದುಡ್ಡು ಕೊಡುವ ಮೊದಲು ಏನು ನೋಡಬೇಕು?

ಸೋಪಿನ ನೊರೆ ಹಚ್ಚಿ ತೋರಿಸಲು ಹೇಳಿ. ಸಿಲಿಂಡರ್ ವಾಲ್ವ್, ರೆಗ್ಯುಲೇಟರ್, ಪೈಪಿನ ಎರಡೂ ತುದಿ, ಹಾಬ್ ಆದರೆ ಕೆಳಗಿನ ಎಲ್ಬೋ, ತಾಮ್ರದ ಪೈಪ್ ಆದರೆ ಪ್ರತಿ ಜಾಯಿಂಟ್. ರೆಗ್ಯುಲೇಟರ್ ಆನ್, ಒಲೆಯ ನಾಬ್‌ಗಳು ಆಫ್ ಇದ್ದಾಗ ಹಚ್ಚಬೇಕು. ಗುಳ್ಳೆ ಉಬ್ಬಿದರೆ ಸೋರಿಕೆ. ಕಡ್ಡಿ ಗೀರಿ ಪರೀಕ್ಷಿಸಲು ಹೊರಟವರಿಗೆ ಮುಂದಿನ ಕೆಲಸ ಕೊಡಬೇಡಿ.

ಸಿಲಿಂಡರ್ ವಾಲ್ವ್‌ನಲ್ಲೇ ಗುಳ್ಳೆ ಬಂದರೆ ಒಳಗಿನ ಕಪ್ಪು ರಬ್ಬರ್ ಉಂಗುರ ಹರಿದಿದೆ ಅಥವಾ ಇಲ್ಲವೇ ಇಲ್ಲ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಕಾಣುತ್ತದೆ. ಅದನ್ನು ಏಜೆನ್ಸಿಯವರು ದುಡ್ಡಿಲ್ಲದೆ ಸರಿಮಾಡಬೇಕು, ಆಗದಿದ್ದರೆ ಸಿಲಿಂಡರ್ ಬದಲಿಸಬೇಕು.

ಆಮೇಲೆ ಎಲ್ಲ ಬರ್ನರ್ ಒಟ್ಟಿಗೆ ಹಚ್ಚಿಸಿ. ಬೆಂಕಿ ನೀಲಿಯಾಗಿ, ಬರ್ನರ್‌ಗೆ ಅಂಟಿಕೊಂಡು ಉರಿಯಬೇಕು. ಆರಿದರೆ ತಾನೇ ಗ್ಯಾಸ್ ನಿಲ್ಲುವ ಮಾದರಿಯ ಹಾಬ್ ಆದರೆ ನಾಬ್ ಒತ್ತಿ ಹಚ್ಚಿ ಕೆಲವು ಸೆಕೆಂಡ್ ಹಿಡಿದೇ ಇರಬೇಕು. ಕೈ ಬಿಟ್ಟ ಕೂಡಲೇ ಆರುತ್ತದೆ ಎಂದು ದೂರು ಕೊಡುವ ಮೊದಲು ಇದನ್ನು ಕಲಿತುಕೊಳ್ಳಿ.

ಬಿಲ್ಲಿನಲ್ಲಿ ಸಾಮಾನು ಬೇರೆ, ಕೂಲಿ ಬೇರೆ ಬರೆದಿರಬೇಕು. "ಫಿಟ್ಟಿಂಗ್ 6,000" ಎಂಬ ಒಂದೇ ಸಾಲಿನ ಬಿಲ್ಲಿಗೆ ಹಣ ಕೊಟ್ಟರೆ ಯಾವ ವಾಲ್ವ್ ಹಾಕಿದರು, ಎಷ್ಟು ಮೀಟರ್ ಪೈಪ್ ಹೋಯಿತು ಎಂದು ಆಮೇಲೆ ಕೇಳಲಾಗದು.

ತಪಾಸಣೆ ಎಂದು ಮನೆಗೆ ಬಂದು ಹಣ ಕೇಳುತ್ತಾರೆ. ಕೊಡಬೇಕೆ?

5 ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇರುವುದು ನಿಜ. ಆದರೆ ಬಂದವರ ಗುರುತಿನ ಚೀಟಿ ನೋಡಿ, ನಿಮ್ಮ ಏಜೆನ್ಸಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲಷ್ಟೇ ಒಳಗೆ ಬಿಡಿ. ರಸೀದಿ ಇಲ್ಲದೆ ಹಣವಿಲ್ಲ. ಚೆನ್ನಾಗಿರುವ ರೆಗ್ಯುಲೇಟರನ್ನು ಕೆಟ್ಟಿದೆ ಎಂದು ಹೊಸದು ಮಾರಲು ಬರುವವರೂ ಇದ್ದಾರೆ. ರೆಗ್ಯುಲೇಟರ್ ಕಂಪನಿಯ ಸ್ವತ್ತು, ಕೆಟ್ಟರೆ ಏಜೆನ್ಸಿಯಲ್ಲೇ ಬದಲಿಸಿಕೊಳ್ಳಬೇಕು.

ಬಾಡಿಗೆ ಮನೆ ಬದಲಿಸಿದರೆ ಮತ್ತೆ ಎಲ್ಲ ಖರ್ಚೇ?

ಊರೊಳಗೇ ಆದರೆ ಏಜೆನ್ಸಿಯಲ್ಲಿ ವಿಳಾಸ ಬದಲಿಸಿ, ಒಲೆ ಹೊತ್ತುಕೊಂಡು ಹೋಗಿ ಜೋಡಿಸಿದರೆ ಆಯಿತು. ಬೇರೆ ಊರಾದರೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ಟಿ.ವಿ. (ಟರ್ಮಿನೇಶನ್ ವೋಚರ್) ಕಾಗದ ಮಾಡಿಸಿ, ಹೊಸ ಊರಿನಲ್ಲಿ ಈಗಿನ ದರದ ಠೇವಣಿ ಕಟ್ಟಬೇಕು. ಹಾಬ್‌ಗೆಂದು ಮಾಲೀಕರ ಕಲ್ಲು ಕೊರೆಸಿದ್ದರೆ ಅದು ಅಲ್ಲೇ ಬಾಯಿಬಿಟ್ಟು ಉಳಿಯುತ್ತದೆ. ಬಾಡಿಗೆಯವರು ಮೇಲಿಡುವ ಒಲೆಗೇ ಅಂಟಿಕೊಳ್ಳಿ.

ಅವಘಡವಾದರೆ ವಿಮೆ ಇದೆಯಂತೆ?

ನೋಂದಾಯಿತ ಗ್ರಾಹಕರಿಗೆ ತೈಲ ಕಂಪನಿಗಳು ಮಾಡಿಸಿರುವ ವಿಮೆ ಇದೆ, ಅದಕ್ಕೆ ನೀವು ಕಂತು ಕಟ್ಟುವುದಿಲ್ಲ. ಸಾವು ಸಂಭವಿಸಿದರೆ ತಲಾ 6 ಲಕ್ಷ, ಚಿಕಿತ್ಸೆಗೆ ತಲಾ ಹೆಚ್ಚೆಂದರೆ 2 ಲಕ್ಷ, ನೋಂದಾಯಿತ ವಿಳಾಸದ ಆಸ್ತಿ ನಷ್ಟಕ್ಕೆ ಹೆಚ್ಚೆಂದರೆ 2 ಲಕ್ಷ ರೂಪಾಯಿ. ವಿಳಾಸ ಬದಲಿಸದೆ ಬೇರೆ ಮನೆಯಲ್ಲಿ ಸಿಲಿಂಡರ್ ಇಟ್ಟಿದ್ದರೆ, ಐ.ಎಸ್.ಐ. ಇಲ್ಲದ ಪೈಪ್ ಹಾಕಿದ್ದರೆ, ಪೈಪಿನ ಅವಧಿ ಮೀರಿದ್ದರೆ ಕ್ಲೇಮು ಕಷ್ಟವಾಗುತ್ತದೆ. ಪೈಪ್ ಕೊಂಡ ಬಿಲ್ಲನ್ನು ಎಸ್‌.ವಿ. ಜೊತೆಗೇ ಇಡಿ.

ಜೋಡಿಸಿದ ಮೇಲೆ ವಾಸನೆ ಬಂದರೆ ಮೊದಲು ಏನು?

ರೆಗ್ಯುಲೇಟರ್ ಆಫ್ ಮಾಡಿ. ಬಾಗಿಲು ಕಿಟಕಿ ತೆರೆಯಿರಿ. ಲೈಟು, ಫ್ಯಾನು, ಚಿಮಣಿ ಯಾವುದರ ಸ್ವಿಚ್ಚನ್ನೂ ಮುಟ್ಟಬೇಡಿ, ಆನ್ ಇದ್ದದ್ದು ಆನ್ ಇರಲಿ, ಆಫ್ ಇದ್ದದ್ದು ಆಫ್ ಇರಲಿ. ದೇವರ ದೀಪ, ಬಚ್ಚಲ ಒಲೆ ಉರಿಯುತ್ತಿದೆಯೇ ನೋಡಿ ನಂದಿಸಿ. ರೆಗ್ಯುಲೇಟರ್ ತೆಗೆದು ವಾಲ್ವ್‌ಗೆ ಬಿಳಿ ಮುಚ್ಚಳ ಹಾಕಿ. ಆ ಮುಚ್ಚಳವನ್ನು ದಾರ ಸಮೇತ ಸಿಲಿಂಡರ್‌ನಲ್ಲೇ ಬಿಡಬೇಕು ಅನ್ನುವುದು ಇದಕ್ಕೇ. ಆಮೇಲೆ ಮನೆಯಿಂದ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಇರುವ ಸೋರಿಕೆ ಸಹಾಯವಾಣಿ ಅದು. ಮನೆಯೊಳಗೆ ಸಿಗ್ನಲ್ ಸಿಗದ ಕಡೆ ಪಕ್ಕದ ಮನೆಯ ಲ್ಯಾಂಡ್‌ಲೈನ್ ನಂಬರನ್ನೋ ಏಜೆನ್ಸಿ ನಂಬರನ್ನೋ ಅಡುಗೆಮನೆಯ ಬಾಗಿಲ ಹೊರಗಡೆ ಬರೆದು ಅಂಟಿಸಿಡಿ.